ಹೆದ್ದಾರಿಗೆ ಇಳಿಯುವ ಯುದ್ಧ ವಿಮಾನ ಮತ್ತು ಹೆದ್ದಾರಿ ಪಕ್ಕದ ಮನೆಗಳು

ಪಹಲ್ಗಾಮ್‌ನಲ್ಲಿ 2025ರ ಎಪ್ರಿಲ್ 22ರಂದು ಅಮಾಯಕ ಪ್ರವಾಸಿಗರ ಹತ್ಯಾಕಾಂಡ ನಡೆದ ಹತ್ತು ದಿನಗಳ ಬಳಿಕ, ಮೇ 2ರಂದು, ಉತ್ತರ ಪ್ರದೇಶದ ಶಹಜಹಾನ್‌ಪುರ ಜಿಲ್ಲೆಯ ಜಲಾಲಾಬಾದ್ ಬಳಿ ಒಂದು ಅಪರೂಪದ ಕಸರತ್ತು ನಡೆಯಿತು. ಮೀರತ್‌ನಿಂದ ಪ್ರಯಾಗ್‌ರಾಜ್‌ಗೆ ಹೋಗುವ 594 ಕಿಲೋಮೀಟರ್ ಉದ್ದದ ಗಂಗಾ ಎಕ್ಸ್‌ಪ್ರೆಸ್‌ವೇಯಲ್ಲಿ ಮೂರೂವರೆ ಕಿಲೋಮೀಟರಿನಷ್ಟು ಭಾಗವನ್ನು ವಾಯುಪಡೆಗಾಗಿಯೇ ರನ್‌ವೇಯಂತೆ ನಿರ್ಮಿಸಲಾಗಿತ್ತು. ರಫೇಲ್, ಸುಖೋಯ್, ಮಿರಾಜ್, ಜಾಗ್ವಾರ್‌ಗಳಂಥ ಯುದ್ಧ ವಿಮಾನಗಳೂ ಸಿ-130ಜೆ, ಎಎನ್-32ರಂಥ ಸಾಗಾಟ ವಿಮಾನಗಳೂ ಆ ಕಸರತ್ತಿನಲ್ಲಿ ಪಾಲ್ಗೊಂಡುವು. ಹಗಲಿನಲ್ಲಿ ಮಾತ್ರವಲ್ಲ, ರಾತ್ರಿಯಲ್ಲೂ ವಿಮಾನಗಳು ಇಳಿಯಬಲ್ಲ ದೇಶದ ಮೊದಲ ರಸ್ತೆ ಎಂಬ ಹೆಗ್ಗಳಿಕೆ ಅದಕ್ಕೆ ದಕ್ಕಿತು. ಐದು ದಿನಗಳ ನಂತರ, ಮೇ 7ರಂದು, ಆಪರೇಶನ್ ಸಿಂಧೂರ ಆರಂಭವಾಯಿತು.

ಟಿ.ವಿ. ಚಾನೆಲ್‌ಗಳಿಗೆ ಆ ದಿನ ಬೇರೆ ಸುದ್ದಿ ಬೇಕಿರಲಿಲ್ಲ. ಶತ್ರುವಿಗೆ ನಡುಕ, ರಸ್ತೆಯೇ ರಣರಂಗ ಎಂಬ ಧಾಟಿಯ ಶೀರ್ಷಿಕೆಗಳು ಪರದೆಯ ಮೇಲೆ ಓಡಾಡಿದುವು. ಆದರೆ ಆ ರಸ್ತೆಯ ಇಕ್ಕೆಲಗಳಲ್ಲಿ ಯಾರಿದ್ದಾರೆ? ಅವರ ಹೊಲ, ಮನೆ, ಶಾಲೆಗಳು ರಸ್ತೆಯಿಂದ ಎಷ್ಟು ದೂರದಲ್ಲಿವೆ? ತಮ್ಮೂರಿನ ಪಕ್ಕದ ರಸ್ತೆ ಇನ್ನು ಮುಂದೆ ಬರಿಯ ರಸ್ತೆಯಲ್ಲ ಎಂಬುದನ್ನು ಅವರಿಗೆ ಯಾರಾದರೂ ವಿವರಿಸಿದ್ದಾರೆಯೇ? ಈ ಪ್ರಶ್ನೆಗಳಿಗೆ ಆ ಅಬ್ಬರದಲ್ಲಿ ಜಾಗವಿರಲಿಲ್ಲ. ಹೆದ್ದಾರಿಯನ್ನು ರನ್‌ವೇಯಾಗಿ ಬಳಸುವುದನ್ನು ವಿರೋಧಿಸುವುದು ಈ ಬರಹದ ಉದ್ದೇಶವಲ್ಲ. ರಕ್ಷಣೆಯ ದೃಷ್ಟಿಯಿಂದ ಅದು ವಿವೇಕದ ಕ್ರಮವೇ ಆಗಿದೆ. ಆದರೆ ಆ ವಿವೇಕ ಅರ್ಧಕ್ಕೇ ನಿಂತಿದೆ ಎಂಬುದು ನಮ್ಮ ತಕರಾರು.

ಅಷ್ಟಕ್ಕೂ, ಕೋಟ್ಯಂತರ ರೂಪಾಯಿ ವೆಚ್ಚ ಮಾಡಿ ಕಟ್ಟಿದ ವಾಯುನೆಲೆಗಳಿರುವಾಗ ವಿಮಾನವನ್ನು ರಸ್ತೆಗೆ ಇಳಿಸುವ ಅಗತ್ಯವೇನು? ಉತ್ತರ 1967ರ ಜೂನ್ 5ರ ಬೆಳಗ್ಗಿನಲ್ಲಿದೆ. ಅಂದು ಇಸ್ರೇಲಿನ ವಿಮಾನಗಳು ಈಜಿಪ್ಟಿನ ವಾಯುನೆಲೆಗಳ ಮೇಲೆ ಏಕಕಾಲಕ್ಕೆ ಎರಗಿದುವು. ಮೊದಲು ರನ್‌ವೇಗಳಿಗೆ ಬಾಂಬು ಹಾಕಿ ಹೊಂಡ ತೋಡಿದುವು. ಹಾರಲಾಗದೆ ನೆಲದಲ್ಲೇ ನಿಂತಿದ್ದ ವಿಮಾನಗಳನ್ನು ಆಮೇಲೆ ಒಂದೊಂದಾಗಿ ಸುಟ್ಟುವು. ಕೆಲವೇ ಗಂಟೆಗಳಲ್ಲಿ ಈಜಿಪ್ಟಿನ ವಾಯುಪಡೆಯ ಬಹುಪಾಲು ನಾಶವಾಗಿತ್ತು. ಆರು ದಿನಗಳ ಯುದ್ಧದ ಫಲಿತಾಂಶ ಮೊದಲ ಮುಂಜಾನೆಯಲ್ಲೇ ಬಹುತೇಕ ತೀರ್ಮಾನವಾಗಿಬಿಟ್ಟಿತ್ತು. ಆ ಸೋಲು ಅರಬ್ ಜಗತ್ತಿನ ಮನಸ್ಸಿನಲ್ಲಿ ಬಿಟ್ಟ ಗಾಯದ ಕುರಿತು ನಮ್ಮಲ್ಲಿ ಬೇಕಾದಷ್ಟು ಚರ್ಚೆಯಾಗಿದೆ. ಅದರಿಂದ ಯುದ್ಧ ತಂತ್ರದ ಪಾಠ ಕಲಿತವರು ಮಾತ್ರ ದೂರದ ಉತ್ತರ ಯುರೋಪಿನವರು. ಸ್ವೀಡನ್ ಆಗಲೇ ತನ್ನ ವಿಮಾನಗಳನ್ನು ಚದುರಿಸಿಡುವ ವ್ಯವಸ್ಥೆ ಮಾಡಿಕೊಂಡಿತ್ತು. 1967ರ ಅನುಭವವನ್ನು ಕಂಡ ಬಳಿಕ ಅದನ್ನು ಮತ್ತಷ್ಟು ವಿಸ್ತರಿಸಿ, ಕಾಡಿನ ನಡುವಿನ ಸಾಮಾನ್ಯ ರಸ್ತೆಗಳ ಸಣ್ಣ ಸಣ್ಣ ತುಂಡುಗಳನ್ನೂ ರನ್‌ವೇಗಳನ್ನಾಗಿ ಸಜ್ಜುಗೊಳಿಸಿತು. ಆ ದೇಶದ ಗ್ರಿಪೆನ್ ವಿಮಾನವನ್ನು ರೂಪಿಸಿದ್ದೇ 800 ಮೀಟರ್ ಉದ್ದದ ರಸ್ತೆಯಿಂದ ಕಾರ್ಯಾಚರಿಸುವುದಕ್ಕಾಗಿ. ಒಬ್ಬ ತಂತ್ರಜ್ಞ ಮತ್ತು ಕಡ್ಡಾಯ ಸೇನಾ ಸೇವೆಗೆ ಬಂದ ಕೆಲವೇ ಯುವಕರು ಸೇರಿ, ರಸ್ತೆ ಬದಿಯಲ್ಲೇ ಅದಕ್ಕೆ ಇಂಧನ, ಶಸ್ತ್ರ ತುಂಬಿಸಿ ಮತ್ತೆ ಹಾರಿಸಿಬಿಡಬಲ್ಲರು.

ಈ ಯೋಚನೆಗೆ ಇನ್ನೂ ಹಳೆಯ ಬೇರಿದೆ. ದ್ವಿತೀಯ ಮಹಾಯುದ್ಧದ ಕೊನೆಯ ತಿಂಗಳುಗಳಲ್ಲಿ, ವಾಯುನೆಲೆಗಳೆಲ್ಲ ಬಾಂಬ್ ದಾಳಿಗೆ ತುತ್ತಾದಾಗ, ಜರ್ಮನಿ ತನ್ನ ಆಟೋಬಾನ್ ಹೆದ್ದಾರಿಗಳಿಂದಲೇ ಜೆಟ್ ವಿಮಾನಗಳನ್ನು ಹಾರಿಸಿತ್ತು. ಶೀತಲ ಯುದ್ಧದ ಕಾಲದಲ್ಲಿ ಪಶ್ಚಿಮ ಜರ್ಮನಿ ಹೊಸ ಹೆದ್ದಾರಿಗಳ ನಕ್ಷೆಯಲ್ಲೇ ಅದಕ್ಕೆ ಅವಕಾಶ ಕಲ್ಪಿಸಿತು. ತೈವಾನ್, ಸಿಂಗಾಪುರಗಳಲ್ಲಿ ಇಂಥ ಅಭ್ಯಾಸ ಇಂದಿಗೂ ನಡೆಯುತ್ತದೆ. ಚಿಕ್ಕ ದೇಶಗಳಿಗೆ ಬೇರೆ ದಾರಿಯೂ ಇಲ್ಲ.

ನಮ್ಮ ಉಪಖಂಡಕ್ಕೆ ಈ ಪಾಠ ಹೇಳಿಕೊಟ್ಟದ್ದು 1971. ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ಭಾರತದ ವಾಯುನೆಲೆಗಳ ಮೇಲೆ ದಾಳಿ ಮಾಡುವುದರೊಂದಿಗೆ ಆ ಯುದ್ಧ ಘೋಷಿತವಾಗಿ ಆರಂಭವಾಯಿತು. ಇತ್ತ ಪೂರ್ವ ಪಾಕಿಸ್ತಾನದಲ್ಲಿ, ಢಾಕಾದ ತೇಜ್‌ಗಾಂವ್ ರನ್‌ವೇಯನ್ನು ಭಾರತದ ಮಿಗ್-21 ವಿಮಾನಗಳು ಬಾಂಬು ಹಾಕಿ ಹಾಳುಗೆಡವಿದುವು. ಅಲ್ಲಿದ್ದ ಸೇಬರ್ ವಿಮಾನಗಳು ಸುಸ್ಥಿತಿಯಲ್ಲಿದ್ದೂ ಹಾರಲಾಗದ ಸ್ಥಿತಿಗೆ ತಲುಪಿದುವು. ವಿಮಾನವಿದೆ, ಚಾಲಕನಿದ್ದಾನೆ, ಇಂಧನವಿದೆ. ಇಲ್ಲದಿರುವುದು ಒಂದೆರಡು ಕಿಲೋಮೀಟರ್ ನಯವಾದ ನೆಲ ಮಾತ್ರ. ಅದೇ ಡಿಸೆಂಬರ್‌ನಲ್ಲಿ ಗುಜರಾತಿನ ಭುಜ್‌ನಲ್ಲೂ ರನ್‌ವೇ ಛಿದ್ರಗೊಂಡಿತು. ದುರಸ್ತಿಗೆ ಸಾಕಷ್ಟು ಕೆಲಸಗಾರರಿರಲಿಲ್ಲ. ಪಕ್ಕದ ಮಾಧಾಪರ್ ಗ್ರಾಮದ ಸುಮಾರು 300 ಮಹಿಳೆಯರು ಬಂದು ಮೂರು ದಿನಗಳಲ್ಲಿ ಅದನ್ನು ಸರಿಪಡಿಸಿದರು. ವಿಮಾನ ಬರುವ ಸೂಚನೆಯಾಗಿ ಸೈರನ್ ಮೊಳಗಿದಾಗ ಅವರು ಪೊದೆಗಳಿಗೆ ಓಡಿ ಅವಿತುಕೊಳ್ಳುತ್ತಿದ್ದರು. ಸೈರನ್ ನಿಂತಾಗ ಮತ್ತೆ ಬಂದು ಕೆಲಸಕ್ಕೆ ತೊಡಗುತ್ತಿದ್ದರು. ಮೇಲಿನಿಂದ ಎದ್ದು ಕಾಣದಂತೆ ತಿಳಿ ಹಸಿರು ಸೀರೆ ಉಡುತ್ತಿದ್ದರು. ಬಳಿಕ ಅವರ ಬಗ್ಗೆ ಲೇಖನಗಳು ಬಂದುವು, ಸಿನಿಮಾ ಬಂತು, ಸ್ಮಾರಕವೂ ಎದ್ದಿತು. ಅವರ ಧೈರ್ಯವನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ. ಆದರೆ ಒಂದು ಸಂಗತಿಯನ್ನು ಈ ಕೊಂಡಾಟದ ನಡುವೆ ಮರೆಯಬಾರದು. ಶತ್ರು ಬಾಂಬು ಹಾಕುವ ಜಾಗದಲ್ಲಿ ಗಾರೆ ಕಲಸುತ್ತಿದ್ದ ಆ ಹೆಣ್ಣುಮಕ್ಕಳಿಗೆ ಅಡಗಲು ಇದ್ದುದು ಪೊದೆ ಮಾತ್ರ.

ಪಾಕಿಸ್ತಾನವೂ ಇದೇ ಪಾಠವನ್ನು ಕಲಿತಿದೆ. ಲಾಹೋರ್ ಮತ್ತು ಇಸ್ಲಾಮಾಬಾದ್‌ಗಳ ನಡುವಿನ ಎಂ-2 ಮೋಟಾರ್‌ವೇ 1997ರಲ್ಲಿ ಸಂಚಾರಕ್ಕೆ ತೆರೆಯಿತು. 2000ದಲ್ಲಿ ಮತ್ತು 2010ರಲ್ಲಿ ಆ ದೇಶದ ವಾಯುಪಡೆ ಆ ರಸ್ತೆಯ ಮೇಲೆ ವಿಮಾನಗಳನ್ನು ಇಳಿಸಿ ಅಭ್ಯಾಸ ನಡೆಸಿತು. ಭಾರತದಲ್ಲಿ ಇದು ಶುರುವಾದದ್ದು ತಡವಾಗಿ. 2015ರ ಮೇ 21ರಂದು ಮಥುರಾ ಸಮೀಪ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಮಿರಾಜ್-2000 ವಿಮಾನವೊಂದು ಇಳಿದದ್ದು ಮೊದಲ ಪ್ರಯೋಗ. 2021ರ ಸೆಪ್ಟೆಂಬರ್ 9ರಂದು ರಾಜಸ್ತಾನದ ಬಾಡ್‌ಮೇರ್ ಜಿಲ್ಲೆಯಲ್ಲಿ, ಗಡಿಯಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ರಾಷ್ಟ್ರೀಯ ಹೆದ್ದಾರಿಯ ಮೇಲಿನ ಮೊದಲ ತುರ್ತು ರನ್‌ವೇ ಉದ್ಘಾಟನೆಗೊಂಡಿತು. ಸಚಿವರಾದ ರಾಜನಾಥ್ ಸಿಂಗ್ ಮತ್ತು ನಿತಿನ್ ಗಡ್ಕರಿ ಸಿ-130ಜೆ ವಿಮಾನದಲ್ಲೇ ಬಂದು ಆ ರಸ್ತೆಯ ಮೇಲೆ ಇಳಿದರು. ಮೂರು ಕಿಲೋಮೀಟರಿನ ಆ ವ್ಯವಸ್ಥೆಗೆ ತಗಲಿದ ವೆಚ್ಚ ಸುಮಾರು 45 ಕೋಟಿ ರೂಪಾಯಿ. ಒಂದು ಹೊಸ ವಾಯುನೆಲೆಯ ವೆಚ್ಚಕ್ಕೆ ಹೋಲಿಸಿದರೆ ಅದು ಏನೇನೂ ಅಲ್ಲ. ಇನ್ನೂ 19 ಕಡೆ ಇಂಥ ವ್ಯವಸ್ಥೆ ಬರಲಿದೆಯೆಂದು ಅಂದು ಪ್ರಕಟಿಸಲಾಯಿತು.

ಇದೊಂದು ಮಾಮೂಲಿ ರಸ್ತೆಗೆ ಬಿಳಿ ಬಣ್ಣದ ಗೆರೆ ಎಳೆಯುವ ಕೆಲಸವಲ್ಲ. ಯುದ್ಧ ವಿಮಾನ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 250 ಕಿಲೋಮೀಟರ್. ಆ ಹೊಡೆತವನ್ನು ತಾಳುವಂತೆ ಅಲ್ಲಿನ ರಸ್ತೆಯನ್ನು ದಪ್ಪವಾಗಿ, ಸಮತಟ್ಟಾಗಿ ಕಟ್ಟಬೇಕು. ಮೂರು ಕಿಲೋಮೀಟರ್ ಉದ್ದಕ್ಕೂ ತಿರುವು ಇರಬಾರದು, ವಿದ್ಯುತ್ ಕಂಬ ಇರಬಾರದು, ಮರ, ನಾಮಫಲಕ, ಮೇಲ್ಸೇತುವೆ ಯಾವುದೂ ಇರಬಾರದು. ನಡುವಿನ ವಿಭಜಕವನ್ನು ಬೇಕಾದಾಗ ಕಿತ್ತು ತೆಗೆಯುವಂತಿರಬೇಕು. ತುದಿಗಳಲ್ಲಿ ವಿಮಾನ ನಿಲ್ಲಿಸಲು ಜಾಗ, ಪಕ್ಕದಲ್ಲಿ ನಿಯಂತ್ರಣ ಗೋಪುರ, ಎರಡೂ ಬದಿಯಲ್ಲಿ ಬೇಲಿ ಬೇಕು. ವಿಮಾನ ಬರುವುದಕ್ಕೆ ಮುನ್ನ ಇಡೀ ರಸ್ತೆಯನ್ನು ಗುಡಿಸಿ ಚೊಕ್ಕಟಗೊಳಿಸಬೇಕು. ಯಾಕೆಂದರೆ ಲಾರಿಯ ಚಕ್ರದಿಂದ ಉದುರಿದ ಒಂದು ಜಲ್ಲಿಕಲ್ಲು ಜೆಟ್ ಇಂಜಿನಿನೊಳಗೆ ಹೊಕ್ಕರೆ ಸಾಕು, ನೂರಾರು ಕೋಟಿಯ ವಿಮಾನ ಹಾಳಾಗುತ್ತದೆ. ದನ, ನಾಯಿ, ನೀಲ್‌ಗಾಯ್‌ಗಳನ್ನು ದೂರವಿಡಬೇಕು. ಹಕ್ಕಿಗಳನ್ನೂ ದೂರವಿಡಬೇಕು. ಹಕ್ಕಿಗಳ ವಿಷಯಕ್ಕೆ ಮತ್ತೆ ಬರೋಣ.

ಈ ತಾಂತ್ರಿಕ ಗಂಭೀರತೆ ನಮ್ಮಲ್ಲಿ ಹೇಗೆ ಜಾತ್ರೆಯಾಗಿ ಬದಲಾಗುತ್ತದೆ ಎಂಬುದೂ ಗಮನಾರ್ಹ. ಆಗ್ರಾ-ಲಕ್ನೋ ಎಕ್ಸ್‌ಪ್ರೆಸ್‌ವೇಯನ್ನು ಅಖಿಲೇಶ್ ಯಾದವ್ ಸರಕಾರವು 2016ರ ನವೆಂಬರ್ 21ರಂದು ಉದ್ಘಾಟಿಸಿದಾಗ ಯುದ್ಧ ವಿಮಾನಗಳು ಬಂದು ರಸ್ತೆಯನ್ನು ಮುಟ್ಟಿ ಹಾರಿದುವು. ಕೆಲವೇ ತಿಂಗಳಲ್ಲಿ ವಿಧಾನಸಭಾ ಚುನಾವಣೆಯಿತ್ತು. ಪೂರ್ವಾಂಚಲ ಎಕ್ಸ್‌ಪ್ರೆಸ್‌ವೇಯನ್ನು 2021ರ ನವೆಂಬರ್ 16ರಂದು ಉದ್ಘಾಟಿಸಲು ಪ್ರಧಾನಿ ನರೇಂದ್ರ ಮೋದಿಯವರು ಸುಲ್ತಾನ್‌ಪುರದ ಬಳಿ ಸಿ-130ಜೆ ವಿಮಾನದಲ್ಲಿ ರಸ್ತೆಯ ಮೇಲೆಯೇ ಇಳಿದರು. ಆಗಲೂ ಕೆಲವೇ ತಿಂಗಳಲ್ಲಿ ವಿಧಾನಸಭಾ ಚುನಾವಣೆಯಿತ್ತು. ಪಕ್ಷ ಬೇರೆ, ದೃಶ್ಯ ಒಂದೇ. ಸೈನಿಕನ ವಿಮಾನಕ್ಕೆ ಪಕ್ಷವಿಲ್ಲ, ನಿಜ. ಆದರೆ ಅದು ಯಾವಾಗ ಮತ್ತು ಯಾರ ವೇದಿಕೆಯ ಮುಂದೆ ಇಳಿಯಬೇಕೆಂದು ತೀರ್ಮಾನಿಸುವವರಿಗೆ ಪಕ್ಷವಿರುತ್ತದೆ. 2017ರ ಅಕ್ಟೋಬರ್ 24ರಂದು ಉನ್ನಾವ್ ಜಿಲ್ಲೆಯ ಬಾಂಗರ್‌ಮಾವ್ ಬಳಿ ನಡೆದ ದೊಡ್ಡ ಅಭ್ಯಾಸವನ್ನು ಮಾತ್ರ ಯಾವ ಉದ್ಘಾಟನೆಯೂ ಇಲ್ಲದೆ, ವಾಯುಪಡೆ ತನ್ನ ಕೆಲಸವೆಂಬಂತೆ ಮಾಡಿ ಮುಗಿಸಿತ್ತು. ಅಭ್ಯಾಸ ಎಂದರೆ ಹಾಗಿರಬೇಕು.

ಈಗ ಮೂಲ ಪ್ರಶ್ನೆಗೆ ಬರೋಣ. ಯುದ್ಧಕ್ಕೂ ಒಂದು ಕಾನೂನಿದೆ. ಕಾದುವವನು ಮತ್ತು ಕಾದದವನು, ಸೇನಾ ಗುರಿ ಮತ್ತು ನಾಗರಿಕ ಸೊತ್ತು- ಇವುಗಳ ನಡುವೆ ವ್ಯತ್ಯಾಸ ಮಾಡಲೇಬೇಕು ಎಂಬುದು ಅದರ ಬುನಾದಿ. ಜಿನೀವಾ ಒಪ್ಪಂದಗಳಿಗೆ ಸೇರಿಸಲಾದ 1977ರ ಮೊದಲ ಪ್ರೋಟೋಕಾಲ್ ಇದನ್ನು ಸ್ಪಷ್ಟ ಮಾತುಗಳಲ್ಲಿ ಬರೆದಿಟ್ಟಿದೆ. ಒಂದು ವಸ್ತು ತನ್ನ ಸ್ವರೂಪ, ಸ್ಥಾನ, ಉದ್ದೇಶ ಅಥವಾ ಬಳಕೆಯಿಂದ ಸೈನಿಕ ಕಾರ್ಯಕ್ಕೆ ನೆರವಾಗುವುದಾದರೆ ಮತ್ತು ಅದನ್ನು ನಾಶ ಮಾಡುವುದರಿಂದ ನಿಶ್ಚಿತವಾದ ಸೈನಿಕ ಲಾಭ ಇರುವುದಾದರೆ, ಅದು ಸೇನಾ ಗುರಿಯಾಗುತ್ತದೆ. ಉದ್ದೇಶ ಎಂಬ ಪದವನ್ನು ಗಮನಿಸಬೇಕು. ಇಂದು ಆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್, ಮದುವೆ ದಿಬ್ಬಣದ ಬಸ್ಸು, ಆ್ಯಂಬುಲೆನ್ಸ್‌ಗಳೇ ಓಡಾಡುತ್ತಿರಬಹುದು. ನಾಳೆ ಅದು ಯಾವುದಕ್ಕೆ ಬಳಕೆಯಾಗಲಿದೆ ಎಂಬುದನ್ನು ನಾವೇ ಕ್ಯಾಮರಾಗಳ ಮುಂದೆ ಜಗತ್ತಿಗೆ ಸಾರಿದ ಮೇಲೆ, ಎದುರಾಳಿಯ ನಕ್ಷೆಯಲ್ಲಿ ಅದು ರಸ್ತೆಯಾಗಿ ಉಳಿಯುವುದಿಲ್ಲ. ಅದೇ ಪ್ರೋಟೋಕಾಲ್ ಇನ್ನೊಂದು ಹೊಣೆಯನ್ನೂ ಹೊರಿಸುತ್ತದೆ: ಸೇನಾ ಗುರಿಗಳನ್ನು ಜನದಟ್ಟಣೆಯ ಪ್ರದೇಶದಲ್ಲಿ ಇಡುವುದನ್ನು ಸಾಧ್ಯವಾದಷ್ಟೂ ತಪ್ಪಿಸಬೇಕು, ಅವುಗಳ ಸಮೀಪದಿಂದ ನಾಗರಿಕರನ್ನು ದೂರವಿಡಲು ಯತ್ನಿಸಬೇಕು, ಅವರ ರಕ್ಷಣೆಗೆ ಬೇಕಾದ ಮುನ್ನೆಚ್ಚರಿಕೆ ವಹಿಸಬೇಕು. ಈ ಹೊಣೆ ದಾಳಿ ಮಾಡುವವನದ್ದಲ್ಲ, ಸ್ವಂತ ಜನರನ್ನು ಕಾಯಬೇಕಾದ ಸರಕಾರದ್ದು.

1949ರ ಜಿನೀವಾ ಒಪ್ಪಂದಗಳನ್ನು ಭಾರತವೂ ಪಾಕಿಸ್ತಾನವೂ ಒಪ್ಪಿಕೊಂಡಿವೆ. ನಮ್ಮ ಸಂಸತ್ತು 1960ರಲ್ಲಿ ಅದಕ್ಕೊಂದು ಕಾನೂನನ್ನೂ ಮಾಡಿದೆ. ಆದರೆ 1977ರ ಆ ಮೊದಲ ಪ್ರೋಟೋಕಾಲ್‌ಗೆ ಭಾರತ ಸೇರಿಲ್ಲ. ಪಾಕಿಸ್ತಾನ ಸಹಿ ಹಾಕಿದೆಯಾದರೂ ಅನುಮೋದಿಸಿಲ್ಲ. ಎರಡೂ ದೇಶಗಳ ಗಡಿಯ ಜನರು ಬಹುತೇಕ ಒಂದೇ ಬಗೆಯ ಅಸುರಕ್ಷಿತತೆಯಲ್ಲಿದ್ದಾರೆ. ಬಾಡ್‌ಮೇರ್‌ನ ಕುರಿಗಾಹಿಗೂ ಸಿಂಧ್‌ನ ಥಾರ್‌ಪಾರ್ಕರ್‌ನ ಕುರಿಗಾಹಿಗೂ ಈ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಯುದ್ಧ ಬಂದರೆ ಸೇತುವೆ, ರೈಲ್ವೆ, ವಿದ್ಯುತ್ ಸ್ಥಾವರ ಎಲ್ಲವೂ ಗುರಿಯೇ. ರಸ್ತೆಯೊಂದರ ಬಗ್ಗೆ ಮಾತ್ರ ಈ ಆತಂಕ ಯಾಕೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಉತ್ತರವೂ ಸರಳವಿದೆ. ವಾಯುನೆಲೆಗೆ ಆವರಣವಿದೆ, ಕಾವಲಿದೆ, ವಿಮಾನ ನಿರೋಧಕ ವ್ಯವಸ್ಥೆಯಿದೆ, ಒಳಗಿರುವವರಿಗೆ ನೆಲದಡಿಯ ಆಶ್ರಯವಿದೆ. ಹೆದ್ದಾರಿಗೆ ಇದಾವುದೂ ಇಲ್ಲ. 2025ರ ಮೇ 10ರಂದು ಪಾಕಿಸ್ತಾನದ ಹತ್ತಕ್ಕೂ ಹೆಚ್ಚು ವಾಯುನೆಲೆಗಳ ಮೇಲೆ ದಾಳಿ ಮಾಡಿರುವುದಾಗಿ ಭಾರತ ಹೇಳಿತು. ಭಾರತದ ವಾಯುನೆಲೆಗಳ ಮೇಲೆ ದಾಳಿ ಮಾಡಿರುವುದಾಗಿ ಪಾಕಿಸ್ತಾನವೂ ಹೇಳಿತು. ಅಂದರೆ, ನಾಲ್ಕು ದಿನಗಳ ಸಂಘರ್ಷದಲ್ಲೂ ಮೊದಲ ಗಮನ ಹೋಗುವುದು ವಾಯುನೆಲೆಯ ಕಡೆಗೇ. ಅವು ಹಾಳಾದಾಗ ಮಾತ್ರ ಹೆದ್ದಾರಿ ಬಳಕೆಗೆ ಬರುತ್ತದೆ. ಹಾಗೆ ಬಳಕೆಗೆ ಬಂದ ಗಳಿಗೆಯಿಂದಲೇ ಎದುರಾಳಿಯ ಕ್ಷಿಪಣಿಗೆ ಅದೇ ಮುಂದಿನ ವಿಳಾಸ. ವಾಯುನೆಲೆಯೊಳಗಿನ ಯೋಧನಿಗೆ ತಾನು ಎಲ್ಲಿದ್ದೇನೆಂದು ಗೊತ್ತಿರುತ್ತದೆ. ಹೆದ್ದಾರಿ ಬದಿಯ ಢಾಬಾದವನಿಗೆ?

ಫಿನ್ಲೆಂಡ್‌ನ ಉದಾಹರಣೆಯನ್ನು ನೋಡೋಣ. ರಶ್ಯಾದೊಂದಿಗೆ ಉದ್ದನೆಯ ಗಡಿ ಹಂಚಿಕೊಂಡಿರುವ, ಸುಮಾರು 55 ಲಕ್ಷ ಜನರ ಪುಟ್ಟ ದೇಶವದು. ರಸ್ತೆ ರನ್‌ವೇಗಳಲ್ಲಿ ಅದರ ವಾಯುಪಡೆ ದಶಕಗಳಿಂದ ಅಭ್ಯಾಸ ನಡೆಸುತ್ತಾ ಬಂದಿದೆ. ಅಲ್ಲಿನ ಹೆದ್ದಾರಿಯಲ್ಲಿ 2023ರಲ್ಲಿ ಬ್ರಿಟನ್ನಿನ ಟೈಫೂನ್‌ಗಳೂ 2024ರಲ್ಲಿ ಅಮೇರಿಕದ ಎಫ್-35ಗಳೂ ಇಳಿದುವು. ನಮ್ಮ ಚಾನೆಲ್‌ಗಳು ತೋರಿಸಿದ್ದು ಇಷ್ಟನ್ನೇ. ಅದೇ ಫಿನ್ಲೆಂಡ್‌ನಲ್ಲಿ 50 ಸಾವಿರಕ್ಕೂ ಅಧಿಕ ನಾಗರಿಕ ಆಶ್ರಯ ತಾಣಗಳಿವೆ. ಸುಮಾರು 48 ಲಕ್ಷ ಜನರಿಗೆ, ಅಂದರೆ ಹೆಚ್ಚುಕಡಿಮೆ ಇಡೀ ದೇಶಕ್ಕೆ ಅವುಗಳಲ್ಲಿ ಜಾಗವಿದೆ. ದೊಡ್ಡ ಕಟ್ಟಡ ಕಟ್ಟುವವರು ಅದರಲ್ಲೊಂದು ಆಶ್ರಯ ತಾಣ ಕಟ್ಟಲೇಬೇಕು ಎಂಬುದು ಅಲ್ಲಿನ ಕಾನೂನು. ಸಾಮಾನ್ಯ ದಿನಗಳಲ್ಲಿ ಮಕ್ಕಳು ಅಲ್ಲಿ ಆಟವಾಡುತ್ತಾರೆ, ಕೆಲವು ಕಡೆ ಈಜುಕೊಳಗಳಿವೆ. ಸ್ವೀಡನ್‌ನಲ್ಲಿ ಸುಮಾರು 70 ಲಕ್ಷ ಜನರಿಗಾಗುವಷ್ಟು ಆಶ್ರಯ ತಾಣಗಳಿವೆ. ಯುದ್ಧ ಬಂದರೆ ಏನು ಮಾಡಬೇಕು, ನೀರು ಎಷ್ಟು ಸಂಗ್ರಹಿಸಿಡಬೇಕು, ಯಾವ ಸೈರನ್‌ಗೆ ಯಾವ ಅರ್ಥ ಎಂದು ತಿಳಿಸುವ ಒಂದು ಪುಟ್ಟ ಪುಸ್ತಕವನ್ನು ಆ ದೇಶ 2018ರಲ್ಲಿ ಪ್ರತಿಯೊಂದು ಮನೆಗೂ ಅಂಚೆಯಲ್ಲಿ ಕಳುಹಿಸಿತು. 2024ರಲ್ಲಿ ಪರಿಷ್ಕರಿಸಿ ಮತ್ತೆ ಕಳುಹಿಸಿತು. ಅವರ ರಸ್ತೆಯನ್ನು ನಾವು ಅನುಕರಿಸಿದೆವು. ಆ ಪುಸ್ತಕ ಮಾತ್ರ ನಮ್ಮ ಗಮನಕ್ಕೇ ಬರಲಿಲ್ಲ.

ನಮ್ಮಲ್ಲಿ ನಾಗರಿಕ ರಕ್ಷಣೆಯ ಅಣಕು ಅಭ್ಯಾಸ ನಡೆಸುವಂತೆ ಕೇಂದ್ರ ಗೃಹ ಇಲಾಖೆಯ ಆದೇಶ ಹೊರಬಿದ್ದದ್ದು 2025ರ ಮೇ 5ರಂದು. ಅಭ್ಯಾಸ ನಡೆಯಬೇಕಾದದ್ದು ಮೇ 7ರಂದು. 244 ಜಿಲ್ಲೆಗಳಿಗೆ ಎರಡೇ ದಿನ. ಬೆಂಗಳೂರು, ರಾಯಚೂರುಗಳ ಹೆಸರೂ ಆ ಪಟ್ಟಿಯಲ್ಲಿತ್ತು. ಎಷ್ಟೋ ಊರುಗಳಲ್ಲಿ ಸೈರನ್‌ಗಳನ್ನು ಹುಡುಕುವುದರಿಂದಲೇ ತಯಾರಿ ಆರಂಭವಾಯಿತು. ಅದೇ ವಾರ ಜಮ್ಮುವಿನ ಪೂಂಛ್ ಪಟ್ಟಣದ ಮೇಲೆ ಪಾಕಿಸ್ತಾನದ ಶೆಲ್‌ಗಳು ಬಿದ್ದುವು. ಮಕ್ಕಳೂ ಸೇರಿದಂತೆ ನಾಗರಿಕರು ಪ್ರಾಣ ಕಳಕೊಂಡರು. ಸತ್ತವರಲ್ಲಿ ಹಿಂದೂಗಳಿದ್ದರು, ಮುಸ್ಲಿಮರಿದ್ದರು, ಸಿಕ್ಖರಿದ್ದರು. ಪಟ್ಟಣದೊಳಗೆ ಅಡಗಿಕೊಳ್ಳಲು ಬಂಕರ್‌ಗಳೇ ಇರಲಿಲ್ಲ ಎಂದು ಬದುಕುಳಿದವರು ದೂರಿದರು. ಗಡಿಗೆ ಅಂಟಿಕೊಂಡಿರುವ ಪಟ್ಟಣದ ಸ್ಥಿತಿಯೇ ಇದಾಗಿರುವಾಗ ಉನ್ನಾವ್‌ನ ಅಥವಾ ಸುಲ್ತಾನ್‌ಪುರದ ಹಳ್ಳಿಯ ಬಗ್ಗೆ ಹೇಳುವುದೇನು?

ಯುದ್ಧ ಬಾರದೇ ಇರಲಿ ಎಂಬುದೇ ಎಲ್ಲರ ಹಾರೈಕೆ. ಬಾರದಿದ್ದರೂ ಈ ರನ್‌ವೇಗಳ ನೆರೆಯಲ್ಲಿ ಬದುಕುವುದಕ್ಕೆ ಒಂದು ಬೆಲೆಯಿದೆ. ಅಭ್ಯಾಸದ ದಿನಗಳಲ್ಲಿ ರಸ್ತೆ ಮುಚ್ಚುತ್ತದೆ. ಬೇಲಿ ಹಾಕಿದ ಕಡೆ ರೈತ ತನ್ನದೇ ಹೊಲದ ಇನ್ನೊಂದು ಭಾಗಕ್ಕೆ ಹೋಗಲು ಸುತ್ತಿ ಬಳಸಬೇಕಾಗುತ್ತದೆ. ಹೆರಿಗೆ ನೋವಿನ ಹೆಣ್ಣುಮಗಳನ್ನು ಆಸ್ಪತ್ರೆಗೆ ಒಯ್ಯುವ ವಾಹನಕ್ಕೆ ಯಾವ ದಾರಿ? ಬಾಡ್‌ಮೇರ್‌ನಲ್ಲಿ ರನ್‌ವೇಯ ಪಕ್ಕದಲ್ಲೇ ವಾಹನಗಳಿಗಾಗಿ ಪರ್ಯಾಯ ರಸ್ತೆಯನ್ನು ನಿರ್ಮಿಸಲಾಗಿದೆ. ಇದನ್ನು ಮೆಚ್ಚಲೇಬೇಕು. ಮರುಭೂಮಿಯಲ್ಲಿ ಸಾಧ್ಯವಾದದ್ದು ಗಂಗೆಯ ಬಯಲಿನಲ್ಲಿ ಅಸಾಧ್ಯವೇನಲ್ಲ. ಇನ್ನು, ರಕ್ಷಣಾ ಕಾಮಗಾರಿಗಳ ಸುತ್ತ ಮನೆ, ಕಟ್ಟಡ ಕಟ್ಟುವುದನ್ನು ನಿರ್ಬಂಧಿಸುವ ಅಧಿಕಾರವನ್ನು 1903ರ ಬ್ರಿಟಿಷ್ ಕಾಲದ ಕಾನೂನೊಂದು ಸರಕಾರಕ್ಕೆ ಕೊಟ್ಟಿದೆ. ಅದೇ ಕಾನೂನು ಪರಿಹಾರದ ಬಗ್ಗೆಯೂ ಹೇಳುತ್ತದೆ. ವಾಯುನೆಲೆಗಳ ಸಮೀಪ ಮನೆಯ ಮೇಲೊಂದು ಮಹಡಿ ಎಬ್ಬಿಸಲು ಎಷ್ಟು ಕಚೇರಿ ಹತ್ತಿ ಇಳಿಯಬೇಕು ಎಂಬುದು ನಮ್ಮ ಯಲಹಂಕದವರಿಗೂ ಬೀದರಿನವರಿಗೂ ಗೊತ್ತಿರುವಂಥದ್ದೇ. ಹೆದ್ದಾರಿ ರನ್‌ವೇಯ ಪಕ್ಕದ ಜಮೀನಿಗೆ ಇಂಥ ನಿರ್ಬಂಧ ಬರುವುದೇ ಆದರೆ ಅದು ರೈತನ ಪಹಣಿಯಲ್ಲಿ ಮೊದಲೇ ನಮೂದಾಗಬೇಕು, ಪರಿಹಾರದ ಮೊತ್ತವೂ ಅದರ ಜೊತೆಗೇ ಬರಬೇಕು. ಮನೆ ಕಟ್ಟಲು ಬುನಾದಿ ತೋಡಿದ ಮೇಲೆ ನೋಟೀಸು ಬರುವಂತಾಗಬಾರದು.

ಈಗ ಹಕ್ಕಿಗಳ ವಿಷಯ. ಇದು ನಮ್ಮ ರಾಜ್ಯದ ಅನುಭವವೂ ಹೌದು. ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ಪ್ರದರ್ಶನ ನಡೆಯುವಾಗಲೆಲ್ಲ ಸುತ್ತಲಿನ ಮಾಂಸದಂಗಡಿಗಳನ್ನು ಮುಚ್ಚಿಸಲಾಗುತ್ತದೆ. 2023ರಲ್ಲಿ ಜನವರಿ 30ರಿಂದ ಫೆಬ್ರವರಿ 20ರ ವರೆಗೆ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ, 2025ರಲ್ಲಿ ಜನವರಿ 23ರಿಂದ ಫೆಬ್ರವರಿ 17ರ ವರೆಗೆ 13 ಕಿಲೋಮೀಟರ್ ವ್ಯಾಪ್ತಿಯಲ್ಲಿ ಕುರಿ, ಕೋಳಿ, ಮೀನಿನ ಮಾರಾಟವನ್ನು ಬೆಂಗಳೂರು ಮಹಾನಗರ ಪಾಲಿಕೆ ನಿಷೇಧಿಸಿತ್ತು. ಇದಕ್ಕೆ ಆಧಾರ 1937ರ ವಿಮಾನ ನಿಯಮಗಳ 91ನೇ ನಿಯಮ. ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಬರುತ್ತವೆ, ಅವು ವಿಮಾನಕ್ಕೆ ಬಡಿದರೆ ದುರಂತವಾಗುತ್ತದೆ ಎಂಬುದು ಅದರ ಹಿಂದಿನ ಕಾರಣ. ಕಾರಣ ಸುಳ್ಳಲ್ಲ. ಇದನ್ನು ಒಂದು ಸಮುದಾಯದ ಮೇಲಿನ ಸಂಚೆಂದು ಬಗೆಯುವುದೂ ತಪ್ಪಾಗುತ್ತದೆ. ಆ ನಿಯಮ ಕಸ ಎಸೆಯುವುದನ್ನೂ ಅಷ್ಟೇ ಕಟ್ಟುನಿಟ್ಟಾಗಿ ನಿಷೇಧಿಸುತ್ತದೆ. ಆದರೆ ಪ್ರಶ್ನೆಯಿರುವುದು ಇಲ್ಲಿಯೇ. ಹದ್ದನ್ನು ಕರೆಯುವುದು ಅಂಗಡಿಯೊಳಗೆ ತೂಗುವ ಮಾಂಸವಲ್ಲ, ಬೀದಿಯಲ್ಲಿ ಕೊಳೆಯುವ ತ್ಯಾಜ್ಯ. ತ್ಯಾಜ್ಯವನ್ನು ದಿನದಿನವೂ ಸಾಗಿಸಬೇಕಾದದ್ದು ಪಾಲಿಕೆ. ಪಾಲಿಕೆಯ ಕೆಲಸ ಆಗದೇ ಇರುವುದಕ್ಕೆ ದಿನಗೂಲಿಯಂತೆ ದುಡಿಯುವ ಅಂಗಡಿಯವನು ಮೂರು ವಾರ ಬಾಗಿಲು ಹಾಕಿ ಕೂರಬೇಕು. ಅಂಗಡಿಯ ಬಾಡಿಗೆ, ಕೆಲಸದ ಹುಡುಗನ ಸಂಬಳ ಮಾತ್ರ ನಿಲ್ಲುವುದಿಲ್ಲ. ವಾಯುಪ್ರದರ್ಶನದಲ್ಲಿ ಸಾವಿರಾರು ಕೋಟಿಯ ಒಪ್ಪಂದಗಳಿಗೆ ಸಹಿ ಬೀಳುತ್ತದೆ. ಆ ಲೆಕ್ಕದ ಒಂದು ಮೂಲೆಯಲ್ಲಿ ಈ ಮೂರು ವಾರಗಳ ನಷ್ಟವನ್ನು ಭರಿಸುವುದು ಸರಕಾರಕ್ಕೆ ಕಷ್ಟದ ಮಾತೇ?

ಹೆದ್ದಾರಿ ರನ್‌ವೇಗಳು ಹೆಚ್ಚುತ್ತಾ ಹೋದಂತೆ ಇದೇ ಪ್ರಶ್ನೆ ಸಣ್ಣ ಸಣ್ಣ ಪೇಟೆಗಳಿಗೂ ಬರಲಿದೆ. ಅಲ್ಲಿ ಪಾಲಿಕೆಯೂ ಇರುವುದಿಲ್ಲ, ಪತ್ರಿಕೆಯ ಗಮನವೂ ಇರುವುದಿಲ್ಲ. ಠಾಣೆಯಿಂದ ಒಂದು ಮಾತು ಬಂದರೆ ಅಂಗಡಿ ಮುಚ್ಚಿತು, ಅಷ್ಟೇ. ಆದ್ದರಿಂದ ಎಷ್ಟು ದಿನ, ಎಷ್ಟು ದೂರ, ಎಷ್ಟು ಪರಿಹಾರ ಎಂಬುದು ಲಿಖಿತ ಆದೇಶದಲ್ಲಿರಬೇಕು. ಅದನ್ನು ಕೇಳುವುದು ದೇಶದ್ರೋಹವಲ್ಲ.

ಹೆದ್ದಾರಿ ರನ್‌ವೇಯಿಂದ ನಾಗರಿಕರಿಗೆ ಪ್ರಯೋಜನವೇ ಇಲ್ಲವೆಂದೇನೂ ಅಲ್ಲ. ಆಂಧ್ರ ಪ್ರದೇಶದ ಬಾಪಟ್ಲ ಜಿಲ್ಲೆಯ ಕೊರಿಸಪಾಡು ಬಳಿ, ಚೆನ್ನೈಯಿಂದ ಕೊಲ್ಕತಾಕ್ಕೆ ಹೋಗುವ 16ನೇ ರಾಷ್ಟ್ರೀಯ ಹೆದ್ದಾರಿಯಲ್ಲೂ ಇಂಥದ್ದೊಂದು ರನ್‌ವೇಯಿದೆ. 2022ರ ಡಿಸೆಂಬರ್ 29ರಂದು ಅಲ್ಲಿ ಮೊದಲ ಪರೀಕ್ಷಾ ಹಾರಾಟ ನಡೆಯಿತು. 2024ರ ಮಾರ್ಚ್ 18ರಂದು ಸುಖೋಯ್, ಹಾಕ್, ಎಎನ್-32 ವಿಮಾನಗಳು ಪಾಲ್ಗೊಂಡುವು. ಆ ಕರಾವಳಿಯುದ್ದಕ್ಕೂ ಚಂಡಮಾರುತಗಳ ನೆನಪು ದಟ್ಟವಾಗಿದೆ. 1977ರ ನವೆಂಬರ್‌ನಲ್ಲಿ ಪಕ್ಕದ ದಿವಿಸೀಮೆಯಲ್ಲಿ ಸಮುದ್ರ ಒಳನುಗ್ಗಿ ಸಾವಿರಾರು ಮಂದಿ ಕೊಚ್ಚಿಹೋದಾಗ, ಬದುಕುಳಿದವರಿಗೆ ಅನ್ನ, ಔಷಧ ತಲುಪುವುದೇ ದುಸ್ತರವಾಗಿತ್ತು. ಅಂಥ ಸಂದರ್ಭದಲ್ಲಿ ಹೆದ್ದಾರಿಯ ಮೇಲೆ ಒಂದು ಎಎನ್-32 ಇಳಿದು, ಹತ್ತಾರು ಟನ್ನಿನ ಬದಲು ಕೆಲವೇ ಟನ್ ಅಕ್ಕಿಯನ್ನು ತಂದರೂ ಎಷ್ಟೋ ಜೀವಗಳು ಉಳಿದಾವು. ವಿಪತ್ತಿನ ವೇಳೆ ಪರಿಹಾರ ಸಾಮಗ್ರಿ ಸಾಗಿಸುವುದೂ ಈ ರನ್‌ವೇಗಳ ಉದ್ದೇಶಗಳಲ್ಲೊಂದು ಎಂದು ಸರಕಾರವೇ ಹೇಳಿದೆ. ಹಾಗಿದ್ದರೆ ಅಭ್ಯಾಸವೂ ಅದಕ್ಕೆ ತಕ್ಕಂತಿರಬೇಕು. ಇಳಿದ ವಿಮಾನದಿಂದ ಕಮಾಂಡೋಗಳು ಜಿಗಿಯುವುದರ ಜೊತೆಗೆ, ಒಮ್ಮೆಯಾದರೂ ಅಕ್ಕಿಯ ಮೂಟೆಗಳೂ ಇಳಿಯಲಿ. ಅವನ್ನು ಹೊತ್ತು ಹಳ್ಳಿಗಳಿಗೆ ತಲುಪಿಸುವ ಲಾರಿಗಳೂ, ತಹಶೀಲ್ದಾರರೂ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಅಲ್ಲಿರಲಿ. ಅದೇ ದಿನ ಸುತ್ತಲಿನ ಗ್ರಾಮ ಪಂಚಾಯತ್‌ಗಳಲ್ಲಿ ಸಭೆ ಕರೆದು, ಸೈರನ್ ಮೊಳಗಿದರೆ ಮಕ್ಕಳನ್ನು ಯಾವ ಕಟ್ಟಡಕ್ಕೆ ಕರೆದೊಯ್ಯಬೇಕೆಂದು ತೆಲುಗಿನಲ್ಲಿ, ಉರ್ದುವಿನಲ್ಲಿ ಬರೆದ ಒಂದು ಹಾಳೆಯನ್ನು ಮನೆಮನೆಗೆ ಹಂಚಲಿ. ಮೂರು ಕಿಲೋಮೀಟರ್ ರಸ್ತೆಗೆ 45 ಕೋಟಿ ರೂಪಾಯಿ ಕೊಡಬಲ್ಲ ಸರಕಾರಕ್ಕೆ ಆ ಹಾಳೆಯ ಮುದ್ರಣ ವೆಚ್ಚ ಭಾರವಾಗಲಾರದು.